ನೂರಾ ನಲವತ್ತು ಮುಖ, ಒಂದೇ ಗುಂಡಿ

"ಎಷ್ಟಾದವು?" ಅಬ್ಬಾ ಅಂಗಡಿ ಬಾಗಿಲಿನಿಂದಲೇ ಕೂಗಿದರು.

"ಹನ್ನೊಂದು," ಎಂದಳು ಮೆಹರೀನ.

"ಆಗ್ಲೂ ಹನ್ನೊಂದು ಅಂದಿದ್ದಿ!"

"ಆಗ ಹತ್ತು ಅಂದಿದ್ದೆ ಅಬ್ಬಾ. ನೀವು ಕೇಳಿದಾಗೆಲ್ಲ ನನ್ನ ಕೈ ತಪ್ತೈತಿ."

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರಿನ ಆ ಸ್ಟುಡಿಯೋಗೆ ಕಂಪ್ಯೂಟರ್ ಬಂದು ಎರಡು ತಿಂಗಳಾಗಿತ್ತು. ಅಬ್ಬಾ ದಾದಾಪೀರ್ ಕ್ಯಾಮೆರಾ ಹಿಡಿದರೆ ಹುಲಿ, ಮೌಸ್ ಹಿಡಿದರೆ ಬೆವರು. ಅದಕ್ಕೇ ಫೋಟೊ ತಿದ್ದುವ ಕೆಲಸ ಆರನೇ ಕ್ಲಾಸಿನ ಮಗಳ ಪಾಲಿಗೆ ಬಂದಿತ್ತು. ಈಗ ಅವಳ ಶಾಲೆಯದೇ ಐಡಿ ಕಾರ್ಡು. ಹೆಡ್‌ಮಾಸ್ಟರದೂ ಸೇರಿ ನೂರಾ ನಲವತ್ತು ಮುಖ.

ತಿದ್ದುವುದೆಂದರೆ ಇನ್ನೇನು, ಬೆಳ್ಳಗೆ ಮಾಡುವುದು! ಕೊಟ್ಟೂರಿನ ಬಿಸಿಲು ಯಾರನ್ನೂ ಬಿಟ್ಟಿಲ್ಲ. ಆದರೆ ಫೋಟೊದಲ್ಲಿ ಮಾತ್ರ ಊರಿಗೆ ಊರೇ ಹಾಲಿನಲ್ಲಿ ಮಿಂದು ಬಂದಂತಿರಬೇಕು. ಮದುಮಗ ಬೆಳ್ಳಗೆ, ಮದುಮಗಳು ಇನ್ನೂ ಬೆಳ್ಳಗೆ, ತೀರಿಹೋದ ಅಜ್ಜನೂ ಬೆಳ್ಳಗೆ. ಹೆಡ್‌ಮಾಸ್ಟರ್ ಗುರುಬಸವರಾಜ ಸರ್ ಕೂಡ ಹೇಳಿ ಹೋಗಿದ್ದರು, "ದಾದಾಪೀರ್, ಮಕ್ಕಳು ಸ್ವಲ್ಪ ಕಾನ್ವೆಂಟ್ ಮಕ್ಕಳಂಗ ಕಾಣ್ಲಿ. ಹಂಗಾ ನಂದೂ ಒಂಚೂರು ನೋಡ್ರಿ."

"ಹಿಂಗ ಒಂದೊಂದಾ ಮಾಡಕೋತ ಕುಂತ್ರ ನಾ ಮುದುಕಿ ಆಗ್ತೀನಿ," ಎಂದು ಗೊಣಗುವಾಗ ಮೆಹರೀನಳಿಗೆ ಒಂದು ಉಪಾಯ ನೆನಪಾಯಿತು. ಕಂಪ್ಯೂಟರ್ ಜೋಡಿಸಲು ಹೊಸಪೇಟೆಯಿಂದ ಬಂದಿದ್ದವನು ತೋರಿಸಿ ಹೋಗಿದ್ದ. ಗುಂಡಗಿನ ಬಟನ್ ಒತ್ತಿ ಒಂದೇ ಒಂದು ಫೋಟೊ ತಿದ್ದಬೇಕು. ನಾವು ಮಾಡಿದ್ದನ್ನೆಲ್ಲ ಕಂಪ್ಯೂಟರ್ ನೆನಪಿಟ್ಟುಕೊಂಡು, ಉಳಿದ ಫೋಟೊಗಳಿಗೆ ತಾನೇ ಮಾಡುತ್ತದೆ.

ಆದರೆ ಮೊದಲು ಯಾರ ಫೋಟೊ? ಎಲ್ಲರಿಗಿಂತ ಕರ್ರಗಿರುವವರು ಬೆಳ್ಳಗಾದರೆ ಉಳಿದವರು ಆಗೇ ಆಗುತ್ತಾರಲ್ಲ! ಎಂಥಾ ತಲೆ ನೋಡಿ ನಮ್ಮ ಶಾಣ್ಯಾ ಹುಡುಗಿಯದು. ಹುಡುಕುವ ಕೆಲಸವೇ ಬೀಳಲಿಲ್ಲ. ಮೂರು ವರ್ಷದಿಂದ ಒಂದೇ ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಗೆಳತಿ ಶೈಲಾಳ ಫೋಟೊ ತೆರೆದಳು.

ಗುಂಡಗಿನ ಬಟನ್ ಒತ್ತಿದೊಡನೆ, ನೆನಪಿಡಬೇಕಾದ ಈ ಕೆಲಸಕ್ಕೊಂದು ಹೆಸರು ಕೊಡು ಎಂದು ಕಂಪ್ಯೂಟರ್ ಕೇಳಿತು. "ಶೈಲಾ" ಎಂದು ಟೈಪ್ ಮಾಡಿದಳು. ಒಂದು ಸಲ ಬ್ರೈಟ್ ಮಾಡಿದಳು, ಸಾಲಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಐದನೇ ಸಲಕ್ಕೆ ಶೈಲಾ, ಹೆಡ್‌ಮಾಸ್ಟರ್ ಹೇಳಿದಂಥ ಕಾನ್ವೆಂಟ್ ಹುಡುಗಿಯಾದಳು. ಮೆಹರೀನ ಆಗಲೇ ತಿದ್ದಿದ್ದ ಹನ್ನೊಂದನ್ನೂ ಸೇರಿಸಿ ಉಳಿದ ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿ, ಮಂಡಕ್ಕಿ ಮಿರ್ಚಿ ತಿನ್ನಲು ಹೋದಳು.

ತಿಂದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಳೆಯ ಫೋಟೊಗಳ ಮೇಲೇ ಹೊಸವು ಸೇವ್ ಆಗಿದ್ದವು. ಅದನ್ನು ನೋಡುವ ಪುರುಸೊತ್ತು ಯಾರಿಗಿತ್ತು?

"ಅರೇ ವಾಹ್, ನನ್ನ ಮಗಳು ಇಂಜಿನಿಯರ್!" ಎಂದರು ಅಬ್ಬಾ. ಇಂಜಿನಿಯರಮ್ಮನ ಕೆಲಸವನ್ನು ಅವರೂ ತೆರೆದು ನೋಡಲಿಲ್ಲ. ಸಿಡಿ ಮಾಡಿ ದಾವಣಗೆರೆಯ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿದರು. ಕ್ಯಾಮೆರಾದಲ್ಲಿದ್ದ ಫೋಟೊಗಳನ್ನೂ ಅಳಿಸಿ, ಚಿಗಟೇರಿಗೆ ಮದುವೆ ಫೋಟೊ ತೆಗೆಯಲು ಹೋದರು.

ಮಂಗಳವಾರ ಕ್ಲಾಸಿನಲ್ಲಿ ಹೆಡ್‌ಮಾಸ್ಟರೇ ಲ್ಯಾಬಿನಿಂದ ಬಂದ ಫೋಟೊಗಳ ಕವರ್ ಒಡೆದರು.

"ಲೇ, ನನ್ನ ಮೂಗೆಲ್ಲೈತ್ಲೇ?" ಎಂದು ಇಶ್ತಿಯಾಕ ಕಿರುಚಿದ. ಮೂಗಷ್ಟೇ ಅಲ್ಲ, ಅವನ ಗಲ್ಲ, ಹಣೆ, ಗದ್ದ ಯಾವುದೂ ಇರಲಿಲ್ಲ. ಬಿಳೀ ಹಾಳೆಯ ಮೇಲೆ ಎರಡು ಕಣ್ಣು ಮತ್ತು ಕ್ರಾಪು ಮಾತ್ರ ಉಳಿದಿದ್ದವು. ಎಲ್ಲರದೂ ಅದೇ ಕತೆ. ಹೆಡ್‌ಮಾಸ್ಟರ್ ಫೋಟೊದಲ್ಲಂತೂ ಮೀಸೆಯೊಂದೇ ಗಾಳಿಯಲ್ಲಿ ತೇಲುತ್ತಿತ್ತು. ಕ್ಲಾಸು ಬಿದ್ದು ಬಿದ್ದು ನಕ್ಕಿತು.

"ಕಾನ್ವೆಂಟ್ ಮಕ್ಕಳಂಗ ಮಾಡ್ರಿ ಅಂದ್ರ ದೆವ್ವ ಮಾಡ್ಯಾರಲ್ಲೋ!" ಎಂದರು ಸರ್.

ಒಂದೇ ಒಂದು ಫೋಟೊ ನೆಟ್ಟಗೆ ಬಂದಿತ್ತು.

"ಶೈಲಾನ್ನ ನೋಡ್ರೇ! ಖರೇನಾ ಹಿಂಗಿದ್ದಿದ್ರ ಎಷ್ಟ್ ಚಂದ ಇರ್ತಿದ್ಲು!" ಎಂದಳು ಹಿಂದಿನ ಬೆಂಚಿನ ಅಸ್ಫಿಯಾ. ಶೈಲಾ ಫೋಟೊವನ್ನು ಮಗುಚಿ ಪುಸ್ತಕದ ಕೆಳಗೆ ಇಟ್ಟಳು.

ಶಾಲೆ ಬಿಟ್ಟ ಮೇಲೆ ಎಲ್ಲರೂ ಮತ್ತೆ ಸ್ಟುಡಿಯೋ ಮುಂದೆ ಸಾಲು ನಿಂತರು. ಅಬ್ಬಾ ಯಾರ ಮುಖವನ್ನೂ ನೋಡದೆ ಫೋಟೊ ತೆಗೆಯತೊಡಗಿದರು. ಶೈಲಾ ಒಳಗೆ ಬಂದು ಮೆಹರೀನಳ ಕುರ್ಚಿಯ ಹಿಂದೆ ನಿಂತಳು.

"ಅಲ್ಲಿ ನನ್ನ ಹೆಸರು ಯಾಕೈತಿ?" ಎಂದು ಕಂಪ್ಯೂಟರಿನತ್ತ ಬೆರಳು ತೋರಿಸಿದಳು.

"ಅದು... ಫೋಟೊ ಬೆಳ್ಳಗ ಮಾಡೋದು. ಮೊದ್ಲು ನಿಂದಾ ಮಾಡಿದ್ನಲ್ಲ, ಅದಕ್ಕ," ಎಂದಳು ಮೆಹರೀನ.

"ನಂದಾ ಯಾಕ?"

ಶೈಲಾ ಬಗ್ಗಿ, ತನ್ನ ಹೆಸರಿನ ಕೆಳಗಿದ್ದ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. ಎಲ್ಲದರಲ್ಲೂ ಬ್ರೈಟ್ ಎಂಬ ಒಂದೇ ಮಾತಿತ್ತು.

"ಐದು ಸಲ?"

"ಬೆಳಕು ಕಮ್ಮಿ ಇತ್ತು ಕಣೇ..."

"ಎಲ್ಲಾರನ್ನೂ ಒಂದಾ ಗ್ವಾಡಿ ಮುಂದ ನಿಂದ್ರಿಸಿ ತೆಗದಾರ ನಿಮ್ಮ ಅಬ್ಬಾ. ನನಗೊಬ್ಬಾಕಿಗೇ ಬೆಳಕು ಕಮ್ಮಿ ಇತ್ತೇನು?"

ಮೆಹರೀನಳಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಶೈಲಾ ಬೈದಿದ್ದರೆ ಚೆನ್ನಾಗಿತ್ತು, ಜಡೆ ಹಿಡಿದು ಎಳೆದಿದ್ದರೂ ಚೆನ್ನಾಗಿತ್ತು. ಅವಳು ಏನೂ ಮಾಡಲಿಲ್ಲ.

"ಮೊದ್ಲು ನನ್ನ ಹೆಸರು ತೆಗಿ," ಎಂದಳು. ಮೆಹರೀನ ತೆಗೆದಳು. ಶೈಲಾ ಹೋಗಿ ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ಫ್ಲ್ಯಾಶ್ ಬಿತ್ತು.

ಶೈಲಾಳ ಹೊಸ ಫೋಟೊ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. ನೋಡುತ್ತಿದ್ದಂತೆ ಮೌಸಿನ ಬಾಣದ ಗುರುತು ಸರಸರನೆ ಮೇಲೆ ಹೋಗಿ, ಬ್ರೈಟ್ ಮಾಡುವ ಜಾಗದಲ್ಲಿ ನಿಂತಿತು. ಮೆಹರೀನ ಬೆಚ್ಚಿದಳು. ಈ ಸಲ ಅವಳು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಯಾರೂ ಹೇಳದೆ ಅವಳ ಕೈಯೇ ಅಲ್ಲಿಗೆ ಹೋಗಿತ್ತು.

"ಇದಕ್ಕೇನ್ ಮಾಡ್ತಿ?" ಬಂದು ನಿಂತ ಶೈಲಾ ಕೇಳಿದಳು.

"ಏನೂ ಮಾಡಲ್ಲ."

ಶೈಲಾ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದಳು.

"ನಾಳೆ ನಿನ್ನ ಬಾಜೂನಾ ಕುಂದ್ರಲೇನು?" ಎಂದು ಮೆಹರೀನ ಕೂಗಿ ಕೇಳಿದಳು.

"ನೋಡ್ತೀನಿ," ಎಂದಳು ಶೈಲಾ, ತಿರುಗದೆ.

ಅಷ್ಟರಲ್ಲಿ ಮುಂದಿನ ಫೋಟೊ ಬಂತು. ಮೆಹರೀನ ಬಲಗೈಯನ್ನು ಮೌಸಿನಿಂದ ತೆಗೆದು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಆ ಮುಖವನ್ನು ನೋಡುತ್ತ ಕೂತಳು.