ಅಜ್ಜಿಯ ಗೋಡೆಯ ಬಣ್ಣ

"ನನ್ನ ಬಣ್ಣದ ತಟ್ಟೆ ಎಲ್ಲಿ ಹೋಯ್ತೇ?" ಕಿಟಕಿ ಪಕ್ಕದ ಮೇಜಿನ ಮೇಲೆಲ್ಲ ತಡಕಾಡುತ್ತಾ ಅಜ್ಜಿ ಕೇಳಿದಳು.

ಅಡುಗೆಮನೆಯಿಂದ ಮೊಮ್ಮಗಳು ಓಡಿ ಬಂದಳು. ಒಂದು ಕಡೆ ಕೂರುವ ಹುಡುಗಿಯಲ್ಲ, ಅದಕ್ಕೇ ಮನೆಯವರೆಲ್ಲ ಅವಳನ್ನು ಚೂಟಿ ಅನ್ನುವುದು.

"ತೊಳೆದಿಟ್ಟೆ ಅಜ್ಜಿ. ಎಷ್ಟು ಗಲೀಜಾಗಿತ್ತು ಗೊತ್ತಾ? ಸೋಪು ಹಾಕಿ ಉಜ್ಜಿ ಉಜ್ಜಿ ಕೈ ನೋವು ಬಂತು. ನೋಡು, ಹೊಸದರ ಥರ ಫಳಫಳ ಅಂತಿದೆ."

ಅಜ್ಜಿ ಆ ಬಿಳೀ ಪಿಂಗಾಣಿ ತಟ್ಟೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿದಳು. ಆಮೇಲೆ ಕುರ್ಚಿಯಲ್ಲಿ ಕೂತಳು.

ಚೂಟಿ ಹತ್ತಿರ ಬಂದಳು. "ಯಾಕಜ್ಜಿ?"

"ನಡುವೆ ಬೂದು ಬಣ್ಣ ಒಣಗಿತ್ತಲ್ಲ, ಅದೂ ಹೋಯ್ತಾ?"

"ಅದೇ ಎಲ್ಲಕ್ಕಿಂತ ಗಲೀಜು."

ಅಜ್ಜಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. "ನೀರಿನ ಬಣ್ಣ ಒಣಗಿದರೂ ಸಾಯಲ್ಲ ಕಣೇ. ಒಂದು ಹನಿ ನೀರು ಮುಟ್ಟಿಸಿದರೆ ಎದ್ದು ಕೂರುತ್ತೆ. ಆ ಬೂದು ನಾನು ಬೆರೆಸಿದ್ದಲ್ಲ. ಎಷ್ಟೋ ಚಿತ್ರದಲ್ಲಿ ಮಿಕ್ಕಿದ್ದೆಲ್ಲ ಸೇರಿ ತಾನಾಗೇ ಆಗಿದ್ದು."

ಮೇಜಿನ ಮೇಲೆ ಚಿತ್ರ ಅರ್ಧಕ್ಕೆ ನಿಂತಿತ್ತು. ಅಜ್ಜಿ ಹುಟ್ಟಿ ಬೆಳೆದ ಮನೆಯ ಹಿಂದಿನ ಗೋಡೆ. ಎಡಗಡೆಯ ಅರ್ಧಕ್ಕೆ ಆ ಬೂದು ಬಣ್ಣವನ್ನೇ ಬಳಿದಾಗಿತ್ತು. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಬಸ್ಸುಗಳು ನಿಲ್ಲುತ್ತವೆ. ಒಂದು ಫೋಟೋ ಕೂಡ ಉಳಿದಿಲ್ಲ. ನಾಳೆ ಅಜ್ಜಿಯ ಅಣ್ಣ, ಚೂಟಿಯ ದೊಡ್ಡಜ್ಜ, ಬರುವವನಿದ್ದ. ಚಿತ್ರ ಅವನಿಗಾಗಿ. ಅಣ್ಣನಿಗೆ ಹಳೇ ಗೋಡೆಯನ್ನು ಇದ್ದ ಹಾಗೇ ತೋರಿಸಬೇಕು ಅಂತ ಅಜ್ಜಿಯ ಆಸೆ.

ಅದೇ ಬೂದು ಬರಲೆಂದು ಅಜ್ಜಿ ನೀಲಿಗೆ ಕಂದು ಬೆರೆಸಿದಳು. "ಇದು ಹಸಿರಿಗೆ ತಿರುಗ್ತು." ಸ್ವಲ್ಪ ಕೆಂಪು ಮುಟ್ಟಿಸಿದಳು. "ಇದು ಬದನೆಕಾಯಿ ಆಯ್ತು."

ಚೂಟಿ ಲೋಟದ ನೀರು ಬದಲಾಯಿಸುತ್ತಲೇ ಇದ್ದಳು. ಬಣ್ಣ ಬೆರೆಸುತ್ತಾ ಬೆರೆಸುತ್ತಾ ಅಜ್ಜಿಯ ಮಾತು ಹಳೇ ದಿನಗಳಿಗೆ ಹೋಯಿತು.

"ಮಧ್ಯಾಹ್ನ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಬೆಚ್ಚಗಿರೋದು. ನಮ್ಮಮ್ಮ ಅಲ್ಲೇ ಕೂರಿಸಿಕೊಂಡು ನನ್ನ ತಲೆ ಬಾಚೋಳು. ಅಣ್ಣನ ಚೆಂಡಿನ ಗುರುತು ಗೋಡೆ ತುಂಬ."

"ಆಗಲೂ ನೀನು ಪೇಂಟಿಂಗ್ ಮಾಡ್ತಿದ್ದೆಯಾ?"

"ಬಣ್ಣ ಎಲ್ಲಿತ್ತು? ಬೆರಳನ್ನ ನೀರಲ್ಲಿ ಅದ್ದಿ ಆ ಗೋಡೆ ಮೇಲೇ ಬರೀತಿದ್ದೆ. ಬೆಕ್ಕಿನ ಬಾಲ ಬರೆಯೋ ಹೊತ್ತಿಗೆ ತಲೆ ಒಣಗಿ ಹೋಗಿರೋದು. ಮತ್ತೆ ತಲೆಯಿಂದ ಶುರು."

ಸಂಜೆಯಾಯಿತು. "ಇಷ್ಟೇ ಇರಲಿ" ಅಂತ ಅಜ್ಜಿ ಗೋಡೆ ಮುಗಿಸಿದಳು. ಹಳೇ ಬೂದು ಎಲ್ಲಿಗೆ ನಿಂತಿತು, ಹೊಸದು ಎಲ್ಲಿ ಶುರುವಾಯಿತು ಅಂತ ಚೂಟಿಗೂ ಕಾಣುತ್ತಿತ್ತು. ಅವತ್ತು ಅವಳು ಬಣ್ಣದ ತಟ್ಟೆ ತೊಳೆಯಲು ಹೋಗಲಿಲ್ಲ.

ಮಾರನೇ ದಿನ ದೊಡ್ಡಜ್ಜ ಕನ್ನಡಕ ಒರೆಸಿ ಹಾಕಿಕೊಂಡು ಚಿತ್ರವನ್ನು ತುಂಬ ಹೊತ್ತು ನೋಡಿದ.

"ಎಲ್ಲ ಸರಿ. ಬಣ್ಣ ತಪ್ಪು."

ಬಾಗಿಲ ಹಿಂದಿದ್ದ ಚೂಟಿ ಮುಂದೆ ಬಂದಳು. "ಅದು ನನ್ನಿಂದ ಆಗಿದ್ದು ದೊಡ್ಡಜ್ಜ. ತಟ್ಟೆ ತೊಳೆದುಬಿಟ್ಟೆ. ಈ ಎಡಗಡೆದು ಸರಿಯಾದ ಬಣ್ಣ."

"ಎಡಗಡೆದೂ ತಪ್ಪೇ ಪುಟ್ಟಾ. ನಮ್ಮ ಗೋಡೆ ಹಳದಿ."

"ಹಳದಿಯಂತೆ" ಅಂದಳು ಅಜ್ಜಿ. "ಒಲೆ ಬೂದಿ ಥರ ಇತ್ತು."

"ನಿನಗೇನು ಗೊತ್ತೇ ಮೊಂಡಿ? ನೀನಾಗ ಇಷ್ಟುದ್ದ ಇದ್ದೆ."

"ಇಷ್ಟುದ್ದ ಇದ್ದವಳ ಮೂಗು ಆ ಗೋಡೆಗೇ ತಾಗಿರ್ತಿತ್ತು. ನೀನು ದೂರದಿಂದ ಚೆಂಡು ಹೊಡೆಯೋನು."

"ಸ್ಕೂಲಿಂದ ಬರೋ ಹೊತ್ತಿಗೆ ಬಿಸಿಲು ಬಿದ್ದು ಹೇಗಿರೋದು ಅಂತ ನಾನು ನೋಡಿಲ್ವಾ?"

ಇಬ್ಬರದೂ ದನಿ ಏರಿತು. ಇಬ್ಬರ ಮುಖವೂ ಅರಳಿತ್ತು. ಚೂಟಿ ಇವರನ್ನೊಮ್ಮೆ ಅವರನ್ನೊಮ್ಮೆ ನೋಡಿದಳು. ಆ ಗೋಡೆಯನ್ನು ಕಂಡವರು ಈಗ ಇವರಿಬ್ಬರೇ.

ಅವಳು ಸದ್ದಿಲ್ಲದೆ ಒಂದು ಹೊಸ ಹಾಳೆ ತಂದು ದೊಡ್ಡಜ್ಜನ ಮುಂದೆ ಹರಡಿದಳು. ಬ್ರಶ್ ಒದ್ದೆ ಮಾಡಿ ಅವನ ಕೈಗೆ ಕೊಟ್ಟಳು.

"ಯಾವ ಹಳದಿ ದೊಡ್ಡಜ್ಜ? ತೋರಿಸು."