ಬಿಚ್ಚಿಟ್ಟ ಕರಡಿಗೆ

ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಿ.ಟಿ. ಸ್ಕ್ಯಾನ್ ಮಾಡುವುದು ನನ್ನ ಕೆಲಸ. ದೆವ್ವಗಿವ್ವ ನಂಬುವವನಲ್ಲ. ಮೂತ್ರದಲ್ಲಿ ರಕ್ತ ಹೋಗುತ್ತಿದೆಯೆಂದು ಗ್ರೀನ್‌ಫರ್ಡಿನ ವೀರಣ್ಣನವರು ಬಂದದ್ದು ಹಾಡಹಗಲು ಹನ್ನೊಂದಕ್ಕೆ. ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಹೊಟ್ಟೆಯವರೆಗೆ ಇಳಿಬಿದ್ದಿತ್ತು. ಲೋಹವಿದ್ದರೆ ಚಿತ್ರ ಕೆಡುತ್ತದೆ, ತೆಗೆಯಿರಿ ಎಂದೆ.

"ಇದನ್ನ ತಗದ್ರ ಅವ ನನ್ನ ಬಿಡಂಗಿಲ್ರೀ."

"ಅರ್ಧ ಗಂಟೆ ಅಷ್ಟೇ ಸರ್," ಎಂದು ನಾನೇ ಬಿಚ್ಚಿ ಟ್ರೇಯಲ್ಲಿಟ್ಟೆ. ಮೈಮೇಲೇ ಇದ್ದ ಬೆಳ್ಳಿಯಾದರೂ ಮಂಜುಗಡ್ಡೆಯಂತೆ ತಣ್ಣಗಿತ್ತು.

ಮೊದಲ ಚಿತ್ರದಲ್ಲಿ ಎರಡೂ ಕಿಡ್ನಿ ನೆಟ್ಟಗಿದ್ದವು. ನರಕ್ಕೆ ಔಷಧಿ ಏರಿಸಿ ತೆಗೆದ ಎರಡನೆಯದರಲ್ಲಿ ಎಡಗಡೆಯದರ ಮೇಲೆ ಐದು ತಗ್ಗುಗಳಿದ್ದವು, ನಾದಿದ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ. ಮೂರನೆಯದಕ್ಕೆ ಒಳಗೆ ಸರಿಸಿದಾಗ, "ಹಿಚಕಾಕತ್ಯಾನ್ರೀ, ಬಿಡಸ್ರೀ" ಎಂದು ಚೀರಿದರು. ಓಡಿಹೋಗಿ ಹೊರಗೆಳೆಯುವಷ್ಟರಲ್ಲಿ ಹಾಸಿಗೆಯೆಲ್ಲ ರಕ್ತ, ಉಸಿರು ನಿಂತಿತ್ತು. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಅಷ್ಟರೊಳಗೆ ಮೂಡಿದ್ದ ಮೂರನೆಯ ಚಿತ್ರದಲ್ಲಿ ಎರಡೂ ಕಿಡ್ನಿ ನುಚ್ಚುನೂರಾಗಿದ್ದವು.

ಕರಡಿಗೆಯನ್ನು ಅವರ ಹೆಂಡತಿ ಚನ್ನಬಸವ್ವನವರಿಗೆ ಒಪ್ಪಿಸಿದೆ. ಅವರು ಅಳಲಿಲ್ಲ. "ಇದನ್ನ ಬಿಚ್ಚಿದವ್ರು ಯಾರ್ರೀ?" ಎಂದಷ್ಟೇ ಕೇಳಿದರು. ಗೊತ್ತಿಲ್ಲ ಎಂದೆ.

ಎಂಟು ದಿನಗಳಿಂದ ನನ್ನ ಮೂತ್ರ ಕೆಂಪಗೆ ಹೋಗುತ್ತಿದೆ. ನಾಳೆ ಹನ್ನೊಂದಕ್ಕೆ ಅದೇ ಯಂತ್ರದಲ್ಲಿ ನನ್ನ ಸ್ಕ್ಯಾನ್. ಬಿಚ್ಚಿಡುವುದಕ್ಕೆ ನನ್ನ ಕೊರಳಲ್ಲಿ ಏನೂ ಇಲ್ಲ.