ನೀರು ಕೊಡುವ ಹಾಯಿ

ಕಾರವಾರ ಬಿಟ್ಟು ಎಂಟು ದಿನಗಳಾಗಿದ್ದವು. ನೌಕೆಯ ಬಿಳಿ ಹಾಯಿಯಿಂದ ಸಿಹಿನೀರು ಸಣ್ಣ ಧಾರೆಯಾಗಿ ತೊಟ್ಟಿಗೆ ಇಳಿಯುತ್ತಿತ್ತು. ಹಾಯಿಯ ನೂಲಿನ ಸೂಕ್ಷ್ಮ ರಂಧ್ರಗಳು ಕಡಲಗಾಳಿಯ ತೇವವನ್ನು ಹೀರಿಕೊಳ್ಳುತ್ತಿದ್ದವು. ಸೌರಫಲಕದಿಂದ ಕೊಂಚ ವಿದ್ಯುತ್ ಹರಿಸಿದರೆ ಅದನ್ನು ನೀರಾಗಿ ಬಿಟ್ಟುಕೊಡುತ್ತಿದ್ದವು. ೨೦೬೧ರಲ್ಲಿ ಆಫ್ರಿಕಾದ ಮೊಂಬಾಸಾಗೆ ಹೊರಟ ಆ ಪ್ರಯಾಣ ಹಾಯಿಯ ಮೊದಲ ಸಾಗರ ಪರೀಕ್ಷೆ.

ಅದನ್ನು ಕಂಡುಹಿಡಿದವರು ಪ್ರೊಫೆಸರ್ ಇನಾಮದಾರರೆಂದು ಎಲ್ಲರೂ ನಂಬಿದ್ದರು. ನಿಜವಾಗಿ ಕಂಡುಹಿಡಿದವಳು ಸುಲಭಾ ತಾಂಡೇಲ. ಹನ್ನೊಂದು ವರ್ಷಗಳ ಹಿಂದೆ, ಅವರ ವಿದ್ಯಾರ್ಥಿನಿಯಾಗಿದ್ದಾಗ ಅವಳು ಬರೆದ ಪ್ರಬಂಧ ಅವರ ಹೆಸರಿನಲ್ಲಿ ಅಚ್ಚಾಗಿತ್ತು. ಅವಳು ಕೊಟ್ಟ ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ತಂತ್ರಜ್ಞೆಯಾಗಿ ಜೊತೆಗೆ ಬಂದವಳು ಹಳೆಯದನ್ನು ಮರೆತಿದ್ದಾಳೆಂದು ಇನಾಮದಾರರು ಅಂದುಕೊಂಡಿದ್ದರು.

ಒಂಬತ್ತನೆಯ ದಿನ ಧಾರೆ ನಿಂತಿತು. ಉಪ್ಪು ರಂಧ್ರಗಳನ್ನು ಮುಚ್ಚಿತ್ತು. ಹೀಗಾಗುತ್ತದೆಂದು ಸುಲಭಾಗೆ ಮೊದಲೇ ಗೊತ್ತಿತ್ತು. ಸರಿಪಡಿಸುವುದೂ ಗೊತ್ತಿತ್ತು. ಹಾಯಿಗೆ ಕೈ ಹಚ್ಚಲಿಲ್ಲ.

ನೌಕೆ ನಡೆಸುತ್ತಿದ್ದ ಜೋಕಿಂ ಆಪತ್ತಿಗೆಂದು ಇಟ್ಟಿದ್ದ ನೀರಿನ ಪೀಪಾಯಿ ತೆರೆದು, ತಲೆಗೆ ದಿನಕ್ಕೆರಡು ಲೋಟ ಎಂದು ಅಳೆದುಕೊಟ್ಟ. ಅಕ್ಕಿಯನ್ನು ಅರ್ಧ ಕಡಲನೀರಿನಲ್ಲೇ ಬೇಯಿಸಿದರು. ತಿಂದಷ್ಟೂ ದಾಹ ಹೆಚ್ಚಿತು. ಇನಾಮದಾರರು ತಂತಿಗಳನ್ನು ಕಳಚಿ ಜೋಡಿಸುತ್ತಲೇ ಇದ್ದರು. ಹನ್ನೆರಡನೆಯ ದಿನ ಮಧ್ಯಾಹ್ನ ಪೀಪಾಯಿ ಬರಿದಾಯಿತು.

“ಏನಾಗೇದವಾ ಇದಕ್ಕ?” ಇನಾಮದಾರರು ಸುಲಭಾಳನ್ನು ಕೇಳಿದರು.

“ನಿಮ್ಮ ಹಾಯಿ, ಸರ್. ನಂಗೇನು ಗೊತ್ತು?”

ಅವರು ಒಡೆದ ತುಟಿಗಳನ್ನು ಸವರಿಕೊಂಡು ಅವಳನ್ನೇ ನೋಡಿದರು. “ನಿನಗ ಗೊತ್ತದ.”

“ಹಾಯಿ ಯಾರದು ಅಂತ ಹೇಳಿ.”

“ನಿಂದು.”

“ಅದು ನಂಗೆ ಗೊತ್ತು. ದಡದವರಿಗೆ ಹೇಳಿ.”

ಇನಾಮದಾರರು ರೇಡಿಯೊದಲ್ಲಿ ದಡದಲ್ಲಿದ್ದ ತಮ್ಮ ಸಂಸ್ಥೆಯವರಿಗೆ ಎಲ್ಲವನ್ನೂ ಹೇಳಿದರು. ಪ್ರಬಂಧದ ಮಾತು ಬಂದಾಗ ದನಿ ತಗ್ಗಿತು. ಸುಲಭಾ ಮತ್ತೊಮ್ಮೆ ಗಟ್ಟಿಯಾಗಿ ಹೇಳಿಸಿದಳು. ಆಮೇಲೆ ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸಿದಳು. ಉಪ್ಪು ಪುಡಿಯಾಗಿ ಉದುರಿ, ಗಂಟೆಯೊಳಗೆ ನೀರು ಬಂತು. ಮೊದಲ ಲೋಟವನ್ನು ಅವಳೇ ಇನಾಮದಾರರಿಗೆ ಕೊಟ್ಟಳು. ಅವರು ಗಟಗಟನೆ ಕುಡಿಯುವುದನ್ನು ಕಣ್ತುಂಬ ನೋಡಿದಳು.

“ಮೂರು ದಿನದಿಂದ ಗೊತ್ತಿತ್ತಾ ನಿಮಗೆ?” ಜೋಕಿಂ ಕೇಳಿದ.

“ಗೊತ್ತಿತ್ತು.”

“ಅವರು ನಿಮ್ಮ ಹೆಸರು ಕಿತ್ಕೊಂಡ್ರು. ನಾನೇನು ಮಾಡಿದ್ದೆ?”

ಅವಳು ಇನ್ನೊಂದು ಲೋಟ ತುಂಬಿ ಅವನತ್ತ ಚಾಚಿದಳು. ಮೊಂಬಾಸಾ ಮುಟ್ಟುವವರೆಗೂ ಅವನು ಚುಕ್ಕಾಣಿಯ ಬಳಿ ಒಬ್ಬನೇ ಕೂತು ಉಂಡ.

ಮರುವರ್ಷ ಹಾಯಿ ಸುಲಭಾಳ ಹೆಸರಿನಲ್ಲೇ ಮಾರುಕಟ್ಟೆಗೆ ಬಂತು, ಸಾವಿರಾರು ದೋಣಿಗಳನ್ನೇರಿತು. ಜೋಕಿಂ ಮಾತ್ರ ಕೊಳ್ಳಲಿಲ್ಲ. ಏಕೆಂದು ಕೇಳಿದವರಿಗೆ, “ಹಾಯಿ ಒಳ್ಳೇದೇ. ಅದು ಕೆಟ್ಟಾಗ ರಿಪೇರಿ ಬಲ್ಲವರು ಒಬ್ಬರೇ ಇದ್ರೆ, ಅವರಿಗೆ ಯಾರ ಮೇಲೆ ಸಿಟ್ಟಿದೆ ಅಂತ ಮೊದಲೇ ಕೇಳ್ಕೊಬೇಕು,” ಎನ್ನುತ್ತಿದ್ದ.